ಆಕೆಯ ಹೆಸರಿಗೆ ಕೊಟ್ಟೂರಿನಲ್ಲಿದ್ದ ಅರ್ಥ

ದೀಪಾವಳಿ ಕಳೆದು, ಬೆಳಗಿನ ಹೊತ್ತು ತಣ್ಣೀರು ಮುಟ್ಟಲು ಬೇಸರವಾಗುವ ದಿನಗಳು ಬಂದವೆಂದರೆ, ಕೊಟ್ಟೂರು ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದು ಆಟೋ ಬಂದು ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಮೊದಲಿಗೆ ಅದರಲ್ಲಿ ಮನುಷ್ಯರು ಕಾಣುತ್ತಿರಲಿಲ್ಲ, ಬರೀ ಗಂಟುಗಳು. ಆಮೇಲೆ ಗಂಟುಗಳ ಸಂದಿಯಿಂದ ಒಂದು ಕೈ ಹೊರಬರುತ್ತಿತ್ತು, ಅದರ ಹಿಂದೆ ಬಿಸಿಲಿಗೆ ಕೆಂಪಾದ ಒಂದು ದುಂಡು ಮುಖ. ಇಳಿದವಳೇ ಆಕೆ ಕೇಳುತ್ತಿದ್ದ ಮೊದಲ ಮಾತು, "ಕ್ವಾಣಿ ಕಸ ಹೊಡದೀರೇನ್ರಿ, ನಾನ ಹೊಡೀಲೋ?"

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುತ್ತಿದ್ದ ಹೆಂಗಸು ಆಕೆ. ಹಿತ್ತಲ ಕಡೆಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಸಂಕ್ರಾಂತಿವರೆಗೆ ನಮ್ಮ ಜೊತೆಗಿದ್ದು ಹೋಗುತ್ತಿದ್ದಳು. ಹೀಗೆ ಹದಿನೈದು ವರ್ಷಕ್ಕೂ ಮೇಲೆ. ಈ ಸಲ ಆಕೆ ಬರಲಿಲ್ಲ. ಆಕೆ ತೀರಿಹೋದ ಸುದ್ದಿ ಮಾತ್ರ ಬಂತು.

ಊರಿನ ಜನ ಆಕೆಯನ್ನು ಸ್ವೆಟರ್ ಅಕ್ಕ ಎನ್ನುತ್ತಿದ್ದರು. ಕೆಲವರು ನೇಪಾಳದಾಕಿ ಎಂದರೂ ಆಕೆ ತಿದ್ದಲು ಹೋಗುತ್ತಿರಲಿಲ್ಲ. ಗುರುತಿನ ಕಾರ್ಡುಗಳಲ್ಲಿದ್ದ ಪೂರ್ತಿ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತನ್ನ ಬಗ್ಗೆ ಯಾರಾದರೂ ಬರೆಯುವುದು ಆಕೆಗೆ ಸೇರುವ ಸಂಗತಿಯೇ ಆಗಿರಲಿಲ್ಲ. ಆದರೆ ತಾಯಿ ತಂದೆ ಕರೆಯಲೆಂದು ಇಟ್ಟ ಒಂದು ಹೆಸರಿತ್ತು. ಅದನ್ನು ಹೇಳದೆ ಆಕೆಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಆ ಹೆಸರನ್ನು ನಮ್ಮ ಮನೆಗೆ ಮೊದಲು ತಂದವರು ನನ್ನ ಅಪ್ಪ. ಅಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಜೀವಮಾನವಿಡೀ ಊರುಗಳ ಹೆಸರು ಕೂಗಿ ಕೂಗಿ ಅವರ ಗಂಟಲು ಎಂಥದ್ದಾಗಿತ್ತೆಂದರೆ, ಮನೆಯೊಳಗೆ ಉಪ್ಪು ಕೇಳಿದರೂ ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಒಂದು ಸಂಜೆ ಕೂಡ್ಲಿಗಿಯಲ್ಲಿ ಆಕೆ ಗಂಟುಗಳ ಸಮೇತ ನಿಂತಿದ್ದಳಂತೆ. ಹಿಂದಿನ ಬಸ್ಸಿನವರು ಲಾರಿಗೆ ಹಾಕಿಕೊಂಡು ಹೋಗವ್ವ ಎಂದು ಬಿಟ್ಟು ಹೋಗಿದ್ದರು. ಅಪ್ಪ ಗಂಟುಗಳನ್ನು ತಾವೇ ಮೇಲೆ ಏರಿಸಿ, ಲಗೇಜು ಚೀಟಿ ಹರಿದು, "ಏನವ್ವಾ ನಿನ್ನ ಹೆಸರು?" ಎಂದಿದ್ದಾರೆ.

"ಬುಠ್ರಿ" ಎಂದಳಂತೆ ಆಕೆ.

ಆ ಮೊದಲ ಅಕ್ಷರವನ್ನು ಅವರ ಭಾಷೆಯಲ್ಲಿ ಬು ಮತ್ತು ಪು ಎರಡರ ನಡುವೆ ಎಲ್ಲೋ ನುಡಿಯುತ್ತಾರೆ. ಬಸ್ಸಿನ ಗದ್ದಲ ಬೇರೆ. ಅಪ್ಪನಿಗೆ ಕೇಳಿಸಿದ್ದು ಪುತ್ರಿ ಎಂದು. ಅಂದು ಬಾಡಿಗೆ ಕೋಣೆ ಹುಡುಕುತ್ತಿದ್ದವಳನ್ನು ಸೀದಾ ಮನೆಗೇ ಕರೆತಂದು, ಅವ್ವನಿಗೆ ಹೇಳಿದರು. "ನೋಡು, ಟಿಬೇಟಿನೋರು ಎಂಥಾ ಚಲೋ ಹೆಸರು ಇಡ್ತಾರ. ಪುತ್ರಿ ಅಂತ! ನಾವದೀವಿ, ಸಾಕಮ್ಮ ಅಂತ ಇಡ್ತೀವಿ."

ಸಾಕಮ್ಮ ಎಂದರೆ ನಾನು. ನಾಲ್ಕನೆಯ ಮಗಳು. ಮೂರು ಹೆಣ್ಣಾದ ಮೇಲೆ ನಾನು ಹುಟ್ಟಿದಾಗ ಅಜ್ಜಿ, ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲೆಂದು ಇಟ್ಟ ಹೆಸರು. ದೇವರಿಗೆ ತಿಳಿಯಿತೋ ಏನೋ, ಆಮೇಲೆ ಗಂಡೂ ಆಗಲಿಲ್ಲ. ಅಕ್ಕಂದಿರು ಮದುವೆಯಾಗಿ ಹೋದರು. ನನ್ನನ್ನು ಕಟ್ಟಿಕೊಂಡವರು ನಮ್ಮ ಮನೆಗೇ ಬಂದು ಉಳಿದರು. ನಾನು ಇಲ್ಲಿಯ ಶಾಲೆಯಲ್ಲೇ ಟೀಚರಾದೆ.

ಆಕೆ ಗಿಡ್ಡ ಆಳು, ಗಟ್ಟಿ ಮೈ. ನಮ್ಮ ಕಡೆಯ ಚಳಿ ಆಕೆಗೆ ಚಳಿಯೇ ಅಲ್ಲ. ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ವೆಟರ್ ಹರವಿಕೊಂಡು, ತಾನು ಮಾತ್ರ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂತಿರುತ್ತಿದ್ದಳು. ಹಿರೇಹಡಗಲಿ ಕಡೆಯ ಕುರಿ ಕಾಯುವ ಹಿರಿಯನೊಬ್ಬ ಕಂಬಳಿ ಹೊದ್ದು ಬಂದು, ಸ್ವೆಟರಿನ ತೋಳನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದು ಕುರಿ ಉಣ್ಣಿ ಅಲ್ಲ ಬಿಡವ್ವ" ಎಂದಿದ್ದನ್ನು ನಾನೇ ಕೇಳಿದ್ದೇನೆ.

"ಹೌದ್ರಿ ಯಜಮಾನ್ರ, ಇದು ಮಿಷಿನ್ ಕುರಿ" ಎಂದಳು ಆಕೆ. "ಮೇವು ಕೇಳಂಗಿಲ್ಲ, ತಪ್ಪಿಸ್ಕೊಳಂಗಿಲ್ಲ. ಹಾಕ್ಕೊಂಡು ನೋಡ್ರಿ."

ಆತ ನಕ್ಕು ಮೊಮ್ಮಗಳಿಗೆ ಒಂದು ಕೆಂಪು ಸ್ವೆಟರ್ ಕೊಂಡುಹೋದ.

ಕೊಂಡವರ ಹೆಸರು ಕೇಳುವುದು ಆಕೆಯ ಒಂದು ಚಟ. ಹೆಸರು ಕೇಳಿ ಸುಮ್ಮನಾಗುತ್ತಿರಲಿಲ್ಲ, ಹಂಗಂದ್ರ ಏನ್ರಿ ಎಂದು ಅರ್ಥವನ್ನೂ ಕೇಳುತ್ತಿದ್ದಳು. ನಮ್ಮ ಜನ ತಬ್ಬಿಬ್ಬಾಗುತ್ತಿದ್ದರು. ಹೆಸರಿಗೆ ಅರ್ಥ ಇರುತ್ತದೆಂದು ಎಷ್ಟು ಜನ ನೆನೆಸಿಕೊಂಡು ತಿರುಗುತ್ತಾರೆ? ನಮ್ಮ ಓಣಿಯ ತಿಪ್ಪಮ್ಮನನ್ನೂ ಹಾಗೇ ಕೇಳಿದಳು. ತಿಪ್ಪಮ್ಮನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು ಆಕೆಯನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಆ ಹೆಸರಿಟ್ಟರೆಂದು ನಾನು ವಿವರಿಸಿದೆ. ಈಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ಮಲ್ಲೂ ಹಂಗ ಅಕ್ಕಾ! ನಾಯಿ ಹೇಲು ಅಂತ ಹೆಸರಿಡ್ತಾರ. ಸಾವು ಬಂದು ನೋಡಿ, ಥೂ ಅಂತ ವಾಪಸ್ ಹೋಗ್ಲಿ ಅಂತ. ಸಾವಿಗೆ ಅಲ್ಲೂ ಬುದ್ಧಿ ಇಲ್ಲ, ಇಲ್ಲೂ ಇಲ್ಲ."

ಅವರಲ್ಲಿ ಹುಟ್ಟಿದ ವಾರದ ಹೆಸರಿಡುವುದೂ ಇದೆ. ಆಕೆಯ ಅಪ್ಪ ನ್ಯೀಮಾ, ಎಂದರೆ ಸೂರ್ಯ, ಭಾನುವಾರ. ತಾಯಿ ಪಾಸಂಗ್, ಶುಕ್ರವಾರ. ನನ್ನ ಅವ್ವನ ತವರಿನಲ್ಲಿ ಸೋಮಪ್ಪ, ಮಂಗಳವ್ವ, ಗುರುವಪ್ಪ ಎಲ್ಲ ಇದ್ದರು. "ನಮ್ಮ ಮನಿ ನಿಮ್ಮ ಮನಿ ಕೂಡಿದ್ರ ವಾರ ತುಂಬತೈತಿ ನೋಡು" ಎಂದು ಅವ್ವ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಅಡ್ಡಹೆಸರು ಮಾತ್ರ ಅವರಿಗಿಲ್ಲ. ಬ್ಯಾಂಕಿನಲ್ಲಿ ಮನೆತನದ ಹೆಸರೇನು ಎಂದು ಕೇಳಿದರೆ, "ಮನಿತನ ಬೆಟ್ಟದ ಆ ಕಡಿ ಉಳೀತ್ರಿ" ಎನ್ನುತ್ತಿದ್ದಳು.

ಇಷ್ಟೆಲ್ಲ ಹೆಸರು ಕೆದಕುವವಳು ನನ್ನ ಹೆಸರಿನ ಅರ್ಥ ಕೇಳಿದ್ದು ತಡವಾಗಿ. ಸಾಕಮ್ಮ ಎಂದರೆ ಸಾಕಿದ ಅಮ್ಮ ಎಂದೇ ಆಕೆ ತಿಳಿದಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಾಗ ನಾನು ನಿಜವಾದ ಅರ್ಥ ಹೇಳಿದೆ. ಆಕೆ ನಗಬಹುದೆಂದುಕೊಂಡಿದ್ದೆ. ಆಕೆಯ ಕೈ ನಿಂತಿತು.

"ನನ್ನ ಹೆಸರಿಗೆ ಅರ್ಥ ಗೊತ್ತೇನು?" ಎಂದಳು. "ಬು ಅಂದ್ರ ಗಂಡಮಗ. ಠ್ರಿ ಅಂದ್ರ ಕರಕೊಂಡು ಬರೋದು. ನಾನು ಹುಟ್ಟಿದಾಗ ನಮ್ಮವ್ವಗ ಆಗಲೇ ಎರಡು ಹೆಣ್ಣಿದ್ದವು. ಹುಡುಗನ್ನ ಕರಕೊಂಡು ಬಾ ಅಂತ ಇಟ್ರು."

ಆಕೆ ಇನ್ನೊಂದು ಶೇಂಗಾ ಒಡೆದಳು.

"ನಿನ್ನ ಹೆಸರಾಗ ನೀನು ಬ್ಯಾಡಾದಾಕಿ. ನನ್ನ ಹೆಸರಾಗ ನಾನು ಇಲ್ಲವೇ ಇಲ್ಲ. ಯಾರರ ನನ್ನ ಕರದ್ರ ನನ್ನ ಕರದಂಗಲ್ಲ. ನನ್ನ ಹಿಂದ ಬರೋ ಹುಡುಗನ್ನ ಕರದಂಗ."

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದರು. "ಹಂಗಾರ ನಾನು ಇಷ್ಟ ವರ್ಷ ನಿನ್ನ ಏನಂತ ಕರದೆ?" ಎಂದರು. ಅವರ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬುಠ್ರಿ ಅಂತ ಕರದ್ರಿ, ಕಂಡಕ್ಟರ್ ಸರ್. ಸ್ವಲ್ಪ ತಪ್ಪು ಉಚ್ಚಾರ, ಅಷ್ಟ."

"ತಪ್ಪಲ್ಲವ್ವ. ನಾನು ಪುತ್ರಿ ಅಂತ ಕರದೆ."

"ಹಂಗಂದ್ರ ಏನ್ರಿ?"

ಆಕೆಗೆ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಸಂತೆಯಲ್ಲಿ, ಬಸ್ಸಿನಲ್ಲಿ ಜನ ಮಗಳು ಎನ್ನುತ್ತಾರೆ. ಪುತ್ರಿ ಎಂಬುದು ಕಾಗದದ ಮೇಲಿನ ಮಾತು. ಅಪ್ಪ ಒಳಗೆ ಹೋಗಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಲಗ್ನಪತ್ರಿಕೆಗಳಲ್ಲಿ ಒಂದನ್ನು ತಂದು, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ಇವರ ಜ್ಯೇಷ್ಠ ಪುತ್ರಿ. ಅಂದ್ರ ಹಿರೇಮಗಳು. ಪುತ್ರಿ ಅಂದ್ರ ಮಗಳವ್ವಾ. ನಾಲ್ಕು ಮಂದಿ ಹೆಣ್ಣಮಕ್ಕಳ ಅಪ್ಪ ನಾನು, ನನ್ನ ಕಿವಿಗೆ ಬ್ಯಾರೆ ಏನು ಕೇಳಸ್ತೈತಿ?"

ಆಕೆ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಕೆಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಆಕೆಯ ಹೆಸರು ತನ್ನ ಕೆಲಸ ಮಾಡಿತ್ತು. ಆಕೆಯ ಬೆನ್ನಿಗೇ ಹುಡುಗ ಹುಟ್ಟಿದ್ದ. ಸೋಮವಾರ ಹುಟ್ಟಿದವನೆಂದು ದಾವಾ ಎಂದು ಹೆಸರು. ದಾವಾ ಎಂದರೆ ಚಂದ್ರ. ಆವತ್ತು ಕ್ಯಾಂಪಿನ ಹೆಂಗಸರೆಲ್ಲ ಬಂದು ತಾಯಿಗಿಂತ ಮೊದಲು ಈ ಪುಟ್ಟ ಹುಡುಗಿಗೆ ಬೆಣ್ಣೆ ತಿನ್ನಿಸಿದ್ದರಂತೆ. ಆಮೇಲೆ ಮನೆಯಲ್ಲಿ ಒಂದೇ ಮಾತು: ನೀನೇ ಕರೆದುಕೊಂಡು ಬಂದೆ, ನೀನೇ ನೋಡಿಕೋ. ತನ್ನ ಬೆನ್ನಿಗೆ ಅವನನ್ನು ಕಟ್ಟಿಕೊಂಡೇ ಆಕೆ ಬೆಳೆದಳು. ಅವನಿಗಾಗಿ ಶಾಲೆ ಬಿಟ್ಟಳು. ಅಕ್ಕಂದಿರಿಗೆ ಮದುವೆಯಾಯಿತು, ಆಕೆಗೆ ಆಗಲಿಲ್ಲ. "ಒಂದು ಗಂಡು ಕರಕೊಂಡು ಬಂದಿದ್ದ ಸಾಕಾಗೈತಿ, ಇನ್ನೊಂದು ಎಲ್ಲಿಂದ ತರ್ಲಿ?" ಎಂದು ನಗುತ್ತಿದ್ದಳು.

ಆ ತಮ್ಮ ಕೆಲವು ವರ್ಷ ಆಕೆಯ ಜೊತೆಗೆ ಇಲ್ಲಿಗೆ ಬಂದ. ಎತ್ತರದ, ತೆಳ್ಳಗಿನ, ಬಹಳ ಮಾತಿನ ಮನುಷ್ಯ. ಮಂಕಿ ಕ್ಯಾಪನ್ನು ತಾನೇ ಹಾಕಿಕೊಂಡು ಸಂತೆಯಲ್ಲಿ ಕುಣಿದು ಮಾರುತ್ತಿದ್ದ. ಅವನ ಹೆಸರು ನಮ್ಮ ಜನಕ್ಕೆ ಬಾಯಿಗೆ ಸಿಕ್ಕಿತು. ದವಾ ಎಂದರೆ ನಮ್ಮಲ್ಲಿ ಔಷಧಿ. "ದವಾ ಮನ್ಯಾಗ ಐತಿ, ನಮಗ್ಯಾಕ ದವಾಖಾನಿ" ಎಂದು ಅವ್ವ ಕೆಮ್ಮಿದಾಗಲೆಲ್ಲ ಹೇಳುತ್ತಿದ್ದಳು. ಅವನು ಓಡಿಬಂದು, "ಬೆಳಿಗ್ಗೆ ಒಂದು, ರಾತ್ರಿ ಒಂದು ತಗೋರಿ ಅವ್ವಾ" ಎಂದು ತನ್ನ ಕೆನ್ನೆ ಮುಂದೆ ಒಡ್ಡುತ್ತಿದ್ದ. ಅವ್ವ ಅದಕ್ಕೊಂದು ಮೆತ್ತಗೆ ಬಡಿಯುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅವನ ಕಣ್ಣು ಹಳದಿಯಾದವು. ಊಟ ಸೇರದಾಯಿತು, ಹೊಟ್ಟೆ ಊದಿತು. ಕಾಮಾಲೆಗೆ ಯಾರೋ ಹೇಳಿದ ಬೇರು, ಸೊಪ್ಪು ಎಲ್ಲ ನೋಡಿ, ಹೊಸಪೇಟೆಗೆ ಕರೆದೊಯ್ದು, ಅಲ್ಲಿಂದ ಹುಬ್ಬಳ್ಳಿಗೆ ಸೇರಿಸಿದೆವು. ಲಿವರ್ ಪೂರ್ತಿ ಹೋಗಿದೆ, ರೋಗ ಬಹಳ ಹಳೆಯದು ಎಂದರು ಡಾಕ್ಟರು. ಅಪ್ಪನೂ ನಾನೂ ನೋಡಲು ಹೋಗಿದ್ದೆವು. ವಾರ್ಡಿನ ಬಾಗಿಲಲ್ಲಿ ನರ್ಸ್ ನಿಂತು, "ದವಾ ಯಾರ್ರೀ?" ಎಂದು ಕೂಗಿದಳು. ಔಷಧಿ ಕೊಡುತ್ತಾರೆಂದು ಅಲ್ಲಿದ್ದ ಎಲ್ಲ ರೋಗಿಗಳ ಕಡೆಯವರೂ ದಡಬಡ ಎದ್ದು ಬಂದರು. ಮಂಚದ ಮೇಲೆ ಮಲಗಿದ್ದ ಅವನು ಅದನ್ನು ನೋಡಿ ನಕ್ಕ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ. ಆ ವಾರವೇ ಹೋದ. ಕ್ಯಾಂಪಿನವರು ಬಂದು ಹೆಣ ಒಯ್ದರು. ಗಾಡಿ ಹತ್ತುವಾಗ ಆಕೆ ಅಪ್ಪನ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಕರಕೊಂಡು ಬರಾದು ಕಲಿಸಿದ್ರು ಸರ್. ಹಿಡಕೊಳ್ಳಾದು ಕಲಿಸಲಿಲ್ಲ."

ಮುಂದಿನ ವರ್ಷ ಆಕೆ ಬರಲಿಲ್ಲ. ಫೋನಿನಲ್ಲಿ ಒಮ್ಮೆ ಸಿಕ್ಕಾಗ, "ಸಾಕಮ್ಮಾ, ಆ ಹೆಸರ್ಲೆ ಕರೀಬ್ಯಾಡ. ಕೇಳಾಕಾಗವಲ್ದು" ಎಂದಳು. ನಾನು ಆಗಿನಿಂದ ಅಕ್ಕಾ ಎಂದಷ್ಟೇ ಕರೆದೆ. ಅವ್ವನಿಗೂ ಹೇಳಿಟ್ಟೆ. ಅಪ್ಪನಿಗೆ ಹೇಳಿದೆನಾದರೂ ಅವರಿಗೆ ಆಗಲೇ ಮರೆವು ಶುರುವಾಗಿತ್ತು. ಕಣ್ಣೂ ಮಂಜಾಗಿತ್ತು.

ಅದರ ಮರುವರ್ಷ ದೀಪಾವಳಿಯ ಮೇಲೆ ಆಟೋ ಬಂದು ನಿಂತಿತು. ಗಂಟುಗಳು ಕಡಿಮೆಯಿದ್ದವು. ಆಕೆ ಇಳಿದಾಗ ನನಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು; ಕೂದಲೆಲ್ಲ ನೆರೆತು, ಮೈ ಅರ್ಧವಾಗಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಅಪ್ಪ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು, ಬಸ್ ಸ್ಟ್ಯಾಂಡಿನ ಆ ಹಳೆಯ ಗಂಟಲಲ್ಲಿ ಓಣಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟರು.

"ಪುತ್ರೀ! ಬಂದೇನವ್ವಾ?"

ನಾನು ಅಪ್ಪನ ಕೈ ಹಿಡಿದೆ. ಆಕೆ ಗಂಟು ಎತ್ತಿಕೊಂಡಿದ್ದವಳು ಹಾಗೇ ನಿಂತಳು. ಆಟೋದವನು ದುಡ್ಡಿಗೆ ಕಾಯುತ್ತಿದ್ದ. ತಿರುಗಿ ಅದೇ ಆಟೋ ಹತ್ತಿ ಹೋಗಿಬಿಡುತ್ತಾಳೆಂದೇ ನಾನು ಹೆದರಿದೆ.

"ಬಂದೆ ಅಪ್ಪಾ" ಎಂದಳು.

ಅಲ್ಲಿಯವರೆಗೆ ಆಕೆ ಅವರನ್ನು ಕಂಡಕ್ಟರ್ ಸರ್ ಎಂದೇ ಕರೆದಿದ್ದಳು. ಗಂಟು ಕೆಳಗಿಟ್ಟು ಬಂದು ಅಪ್ಪನ ಕಾಲ ಬಳಿ ಮೆಟ್ಟಿಲ ಮೇಲೆ ಕೂತಳು. ಅಪ್ಪನಿಗೆ ಹಿಂದಿನದು ಯಾವುದೂ ನೆನಪಿರಲಿಲ್ಲ. "ಊಟ ಆತೇನು? ಎಲ್ಲಿ ನಿನ್ನ ತಮ್ಮ?" ಎಂದು ಕೇಳಿದರು. ಆಕೆ ಅವರ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ತಮ್ಮ ಹೋದ ಮೇಲೆ ನಮ್ಮ ಮುಂದೆ ಅತ್ತಿದ್ದು ಅದೇ ಮೊದಲು. ಅಪ್ಪ ಏನೂ ತಿಳಿಯದೆ, ಅವಳ ನೆರೆತ ತಲೆಯ ಮೇಲೆ ಕೈಯಾಡಿಸುತ್ತ, "ಇರ್ಲಿ ಬಿಡವ್ವಾ, ಮುಂದಿನ ಬಸ್ಸಿಗೆ ಬರ್ತಾನ" ಎಂದರು.

ಸಂಜೆ ನಾನು ತಪ್ಪಾಯಿತು ಎಂದು ಹೇಳಲು ಕೋಣೆಗೆ ಹೋದೆ. ಆಕೆ ಸ್ವೆಟರುಗಳನ್ನು ಅಳತೆ ನೋಡಿ ಬೇರೆ ಬೇರೆ ಜೋಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ನಮ್ಮ ಭಾಷಾದಾಗ ಬ್ಯಾಡ ಅಂದಿದ್ದೆ. ನಿಮ್ಮ ಭಾಷಾದಾಗ ಅದರ ಅರ್ಥ ಬ್ಯಾರೆ ಐತಲ್ಲ. ಕರೀರಿ."

ನಾವು ಕರೆದೆವು. ಅಪ್ಪ ಬದುಕಿರುವವರೆಗೂ ಕರೆದರು.

ಅಪ್ಪ ಹೋಗಿದ್ದು ಸುಡುಬೇಸಿಗೆಯಲ್ಲಿ. ಸ್ವೆಟರಿನ ಕಾಲವಲ್ಲ. ನಾನು ಸುದ್ದಿ ಮುಟ್ಟಿಸಿದಾಗ ಬಾ ಎಂದು ಕೂಡ ಹೇಳಿರಲಿಲ್ಲ. ಮಣ್ಣಿಗೆ ಹೊತ್ತಾಗುತ್ತಿದೆ ಎಂದು ಹಿರಿಯರು ಅವಸರ ಮಾಡುತ್ತಿದ್ದಾಗ ಆಕೆ ಓಣಿಯ ತುದಿಯಿಂದ ಓಡುತ್ತ ಬಂದಳು. ಅವರ ಪದ್ಧತಿಯಂತೆ ಒಂದು ಬಿಳಿಯ ರೇಷ್ಮೆ ಶಾಲನ್ನು ಅಪ್ಪನ ಕೊರಳಿಗೆ ಹಾಕಿದಳು. ಅಕ್ಕಂದಿರೂ ನಾನೂ ಹಿಡಿ ಮಣ್ಣು ಹಾಕುವಾಗ ದೂರ ನಿಂತಿದ್ದಳು. ನಮ್ಮ ಹಿರಿಯಕ್ಕನೇ ಹೋಗಿ ಕೈ ಹಿಡಿದು ಕರೆತಂದಳು. ಬೀಗರ ಕಡೆಯ ಒಬ್ಬರು, "ಈಕಿ ಯಾರು?" ಎಂದು ಕೇಳಿದರು. "ಐದನೇ ಮಗಳು" ಎಂದಳು ಅಕ್ಕ. ಅವರು ಆಕೆಯ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಆಮೇಲೆ ಪಕ್ಕಕ್ಕೆ ಸರಿದು ಆಕೆಗೆ ದಾರಿ ಬಿಟ್ಟರು.

ಕೊನೆಕೊನೆಗೆ ವ್ಯಾಪಾರ ಇಳಿದಿತ್ತು. ಜನ ಮೊಬೈಲಿನಲ್ಲೇ ಸ್ವೆಟರ್ ತರಿಸಿಕೊಳ್ಳುವುದು ಕಲಿತಿದ್ದರು. ಹಡಗಲಿ ಸಂತೆಯಿಂದ ಗಂಟು ಬಿಚ್ಚದೆಯೇ ಬಂದ ದಿನಗಳೂ ಇದ್ದವು. ಆದರೂ ಬರುತ್ತಿದ್ದಳು. ಬಂದರೆ ಅವ್ವನ ಕಾಲಿಗೆ ಎಣ್ಣೆ ತಿಕ್ಕುವುದು, ಅವ್ವ ಹೇಳಿದ್ದೇ ಹೇಳುವ ಹಳೆಯ ಕತೆಗಳಿಗೆ ಹ್ಞೂಂಗುಡುವುದು. ಕಳೆದ ಸಂಕ್ರಾಂತಿಗೆ ಹೊರಡುವಾಗ ಆಗಾಗ ತಲೆ ಸುತ್ತುತ್ತದೆ ಎಂದಿದ್ದಳು. ತೋರಿಸಿಕೋ ಅಕ್ಕಾ ಎಂದಿದ್ದಕ್ಕೆ, "ಊರಿಗೆ ಹೋಗಿ ತೋರಿಸ್ತೀನಿ" ಎಂದಳು. ಮಳೆಗಾಲದಲ್ಲಿ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎಷ್ಟೋ ಸಲ ಹಾಗಾಗುತ್ತಿತ್ತು, ಚಳಿಗಾಲಕ್ಕೆ ಬರುತ್ತಾಳಲ್ಲ ಎಂದು ಸುಮ್ಮನಾದೆ.

ಈ ಸಲ ದೀಪಾವಳಿ ಮುಗಿದು ವಾರದ ಮೇಲೆ ಆಟೋ ಬಂತು. ಇಳಿದವರು ಒಬ್ಬ ಗಂಡಸು, ಜೊತೆಗೆ ಅವನ ಹೆಂಡತಿ. ಇಬ್ಬರೂ ಸಣ್ಣ ವಯಸ್ಸಿನವರು, ಕ್ಯಾಂಪಿನವರು. ಅವನು ಕೈಮುಗಿದು, "ಇಲ್ಲೊಂದು ಕ್ವಾಣಿ ಸಿಗತೈತಿ ಅಂತ ನಮ್ಮ ಛೆರಿಂಗ್ ಅಕ್ಕ ಹೇಳಿದ್ರು" ಎಂದ. "ಅವರು ಈಗಿಲ್ರಿ. ಮಳಿಗಾಲದಾಗ ತೀರಿಕೊಂಡ್ರು."

"ಯಾರೋ ಏನೋಪ್ಪಾ, ಆ ಹೆಸರಿನವರು ನಮಗೆ ಗೊತ್ತಿಲ್ಲ" ಎಂದೆ. ಅಯ್ಯೋ ಪಾಪ ಎಂದೂ ಅಂದೆ, ಗುರುತಿಲ್ಲದವರ ಸಾವಿಗೆ ಅನ್ನುವ ಹಾಗೆ.

ಅವನು ಗಲಿಬಿಲಿಗೊಂಡು ಮೊಬೈಲ್ ತೆಗೆದು ಫೋಟೋ ತೋರಿಸಿದ. ಬಿಸಿಲಿಗೆ ಕೆಂಪಾದ ದುಂಡು ಮುಖ. ತಲೆಯ ಮೇಲೆ ಟವೆಲ್.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಅವನೇ ಹೇಳಿದ. ತಮ್ಮ ಸತ್ತ ಮೇಲೆ ಆಕೆ ಹಾಸಿಗೆ ಹಿಡಿದಿದ್ದಳು. ಆಗ ಲಾಮಾ ಹಳೆಯ ಹೆಸರು ತೆಗೆದು ಛೆರಿಂಗ್ ಎಂದು ಹೊಸ ಹೆಸರು ಕೊಟ್ಟರು. ಅವರಲ್ಲಿ ದೊಡ್ಡ ಕಷ್ಟ ಬಂದಾಗ ಹಾಗೆ ಹೆಸರು ಬದಲಿಸುವುದುಂಟು. ಅಲ್ಲಿಂದ ಕ್ಯಾಂಪಿನಲ್ಲಿ ಎಲ್ಲರಿಗೂ ಆಕೆ ಛೆರಿಂಗ್.

"ಹಂಗಂದ್ರ ಏನು?" ಎಂದೆ.

"ದೀರ್ಘಾಯುಷ್ಯ ಅಂತ್ರಿ" ಎಂದು ಹೇಳಿ ತಲೆ ತಗ್ಗಿಸಿದ. ಆಕೆಗೆ ಐವತ್ತೂ ದಾಟಿರಲಿಲ್ಲ.

"ಬುಠ್ರಿ ಅಂತ ಯಾರೂ ಕರೀತಿರಲಿಲ್ಲೇನು?"

"ಹಳಬರು ಬಾಯಿತಪ್ಪಿ ಕರದ್ರ ಸಿಟ್ಟಿಗೇಳ್ತಿದ್ರು. ಮಾತೇ ಬಿಡ್ತಿದ್ರು. ನೀವು ಆ ಹೆಸರ್ಲೆ ಕರೀತಿದ್ರೇನ್ರಿ?"

ಇಷ್ಟು ವರ್ಷ ಆಕೆ ಈ ಹೊಸ ಹೆಸರನ್ನು ನಮಗೆ ಹೇಳಿರಲಿಲ್ಲ. ಊರಲ್ಲಿ ಬಿಟ್ಟುಬಂದ ಹೆಸರನ್ನು ಕೊಟ್ಟೂರಿನಲ್ಲಿ ಇಳಿದ ಕೂಡಲೇ ಎತ್ತಿಕೊಂಡು, ಸಂಕ್ರಾಂತಿವರೆಗೆ ಅದರಲ್ಲಿದ್ದು, ಹೋಗುವಾಗ ಇಲ್ಲೇ ಇಟ್ಟು ಹೋಗುತ್ತಿದ್ದಳು.

ಒಳಗಿನಿಂದ ಅವ್ವ, "ಯಾರವ್ವಾ ಬಂದೋರು?" ಎಂದಳು. ಅವ್ವನಿಗೀಗ ಕಿವಿ ಮಂದ, ಎದ್ದು ಓಡಾಡುವುದೂ ಕಷ್ಟ. ಹೋಗಿ ಮಂಚದ ಮೇಲೆ ಕೂತು, ಆಕೆಯ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಪುತ್ರಿ ಹೋದಳಂತವ್ವಾ."

ಅವ್ವ ನನ್ನ ಮುಖ ನೋಡಿದಳು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಹೋದೆ; ಕೈಯೆತ್ತಿ ತಡೆದಳು. ಆಮೇಲೆ ಗೋಡೆ ಹಿಡಿದು ಏಳಲು ನೋಡಿದಳು.

"ಎಲ್ಲಿಗವ್ವಾ?"

"ಬಚ್ಚಲಿಗೆ. ನೀರು ಕಾಸು. ಮಗಳು ಸತ್ತ ಸುದ್ದಿ ಕೇಳಿ ಹಂಗ ಕುಂದ್ರತಾರೇನು?"

ಬಂದವರಿಗೆ ಹಿತ್ತಲ ಕೋಣೆಯ ಬೀಗ ತೆಗೆದುಕೊಟ್ಟು ನೀರಿಗೆ ಉರಿ ಹಾಕಿದೆ. ಅವ್ವನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ತಲೆಯ ಮೇಲೆ ನೀರು ಹಾಕಿದೆ. ಅವಳು ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನೀರು ಸಾಕು ಎಂದು ಹೇಳದೆ ಕೂತೇ ಇದ್ದಳು. ಆಮೇಲೆ ನಾನೂ ತಲೆಗೆ ಹಾಕಿಕೊಂಡೆ. ಒದ್ದೆ ಕೂದಲಲ್ಲೇ ಅಕ್ಕಂದಿರಿಗೆ ಒಬ್ಬೊಬ್ಬರಿಗೆ ಫೋನ್ ಹಚ್ಚಿದೆ. ಹರಪನಹಳ್ಳಿಯ ಹಿರಿಯಕ್ಕ ಪೂರ್ತಿ ಕೇಳಿದಳು. ಯಾವಾಗ, ಹೇಗೆ ಎಂದು ಏನೂ ಕೇಳಲಿಲ್ಲ.

"ಫೋನ್ ಇಡು" ಎಂದಳು. "ನಾನೂ ಸ್ನಾನ ಮಾಡ್ತೀನಿ."